ಒಂದೇ ಪಟ್ಟಿಯ ಕಂಬಳಿ

ಜೋರಾಪುರ ಪೇಟೆ, ವಿಜಾಪುರ
ಜನವರಿ ೧೯೭೪

ಯಪ್ಪಾ,

ಸೊಲ್ಲಾಪುರ ರಸ್ತೆಯ ಬಣ್ಣದ ಕಾರ್ಖಾನೆಯಿಂದ ಈಗಷ್ಟೇ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ.

ನಮ್ಮ ನೀಲಿ ಬಣ್ಣ ಏಳು ಹಂತಗಳಲ್ಲಿ ತಯಾರಾಗುತ್ತದೆ. ಒಂದೊಂದು ಹಂತದಲ್ಲೂ ಅರ್ಧ ಮಾಲು ಹಾಳು. ಸಾಲಾಗಿ ಏಳೂ ಮುಗಿಸಿದರೆ ಉಳಿಯುವುದು ನೂರಿಪ್ಪತ್ತೆಂಟರಲ್ಲಿ ಒಂದು ಪಾಲು. ಈ ಸಲ ನಾನು ಆ ಸಾಲನ್ನೇ ಒಡೆದೆ. ಮೂರು ಹಂತ ಒಂದು ಪಾತ್ರೆಯಲ್ಲಿ, ಮೂರು ಇನ್ನೊಂದರಲ್ಲಿ. ಏಳನೆಯದರಲ್ಲಿ ಎರಡನ್ನೂ ಕೂಡಿಸಿದೆ. ಎರಡೂ ಕಡೆಯ ಮಾಲು ಪಾತ್ರೆಯಲ್ಲಿ ಮೂರು ಸಲ, ಕೂಡಿಸುವಾಗ ಒಮ್ಮೆ, ಹೀಗೆ ನಾಲ್ಕೇ ಸಲ ಅರ್ಧವಾಯಿತು. ಇವತ್ತು ತೂಗಿದಾಗ ಹದಿನಾರರಲ್ಲಿ ಒಂದು ಪಾಲು ಸಿಕ್ಕಿತು!

ಮಾಲೀಕರಾದ ಶಿವಶರಣಪ್ಪನವರು ತಕ್ಕಡಿ ನೋಡಿ, "ಈ ಯುಕ್ತಿ ಎಲ್ಲಿ ಕಲ್ತೀರಿ?" ಎಂದರು.

"ಪುಸ್ತಕದಾಗ ಓದೇನ್ರಿ" ಎಂದುಬಿಟ್ಟೆ.

ಯಾವ ಪುಸ್ತಕ? ನಮ್ಮೂರು ಘೋಣಸಗಿಯಲ್ಲಿ ಮಗ್ಗದ ಮುಂದೆ ಕೂತು ನೀನೇ ಹೇಳಿದ್ದೆ: "ಕಂಬಳಿ ಪೂರಾ ಅಗಲ ಒಮ್ಮಿಗೇ ನೇಯಬಾರದೋ ತಮ್ಮಾ. ಎರಡು ಪಟ್ಟಿ ಬ್ಯಾರೆ ಬ್ಯಾರೆ ನೇಯ್ದು ನಡುವ ಹೊಲೀಬೇಕು. ಒಂದು ಕೆಟ್ರ ಇನ್ನೊಂದು ಉಳಿತೈತಿ."

ಕಾಲೇಜಿಗೆ ಹೊರಟಾಗ ನೀನು ಕೊಟ್ಟ ಕಂಬಳಿಯನ್ನು ನಾನು ಒಯ್ಯಲಿಲ್ಲ. "ನಡುವ ಹೊಲಿಗಿ ಕಾಣತೈತಿ, ಹುಡುಗರು ನಗತಾರ" ಎಂದಿದ್ದೆ.  ಹೊಲಿಗೆ ಕಾಣದ ಹಾಗೆ ಇನ್ನೊಂದು ಮಾಡಿಕೊಡುತ್ತೇನೆಂದು ನೀನು ಮಗ್ಗಕ್ಕೆ ಕೂತೆಯಂತೆ. ನೀನು ತೀರಿಹೋದ ಮೇಲೆ ಅವ್ವ ಹೇಳಿದಳು.

ಒಂದೇ ಪಟ್ಟಿ ಮುಗಿದಿತ್ತು. ಅದನ್ನೇ ಹೊದ್ದು ನಿಂತಿದ್ದೇನೆ. ಎಡಭುಜಕ್ಕೆ ಎಳೆದುಕೊಂಡರೆ ಬಲಭುಜ ಬಯಲಾಗುತ್ತದೆ.