ಹಾಯಿಗೆ ಹೊಟ್ಟೆ

ಮಾರ್ಚ್ ೯, ಭಾನುವಾರ

ಮೂರು ತಿಂಗಳು ಕೂತು ಕಟ್ಟಿದ ಮೊಳದುದ್ದದ ಹಾಯಿದೋಣಿ ಮುಂದೆ ಹೋಗಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಬಿಟ್ಟು, ಪಕ್ಕದಿಂದ ಟೇಬಲ್ ಫ್ಯಾನ್ ಮೂರರಲ್ಲಿಟ್ಟೆ. ಚುಕ್ಕಾಣಿಯೇನೋ ರಿಮೋಟಿನ ಮಾತು ಕೇಳಿತು. ಹಾಯಿ ಮಾತ್ರ ಇಸ್ತ್ರಿ ಮಾಡಿದ ಪರದೆಯಂತೆ ಚಪ್ಪಟೆ. ಗಾಳಿ ಹಿಡಿಯಲು ಹಾಯಿಗೆ ಹೊಟ್ಟೆ ಬೇಕೆಂದು ಹೊಲಿದುಕೊಟ್ಟ ಹೆಂಡತಿಗೆ ನಾನೇ ಹೇಳಿರಲಿಲ್ಲ. ಕಣ್ಣಿನ ಆಪರೇಷನ್ ಆದಮೇಲೆ ಅವಳ ಮೊದಲ ಹೊಲಿಗೆ.

“ಹೊಲಿಗೆ ಕೆಟ್ಟಿದ್ಯಾ?” ಎಂದಳು.

“ಛೇ, ಗಾಳಿ ಸಾಲ್ತಿಲ್ಲ,” ಎಂದೆ.

ಹಾಯಿ ಬಿಚ್ಚಿಕೊಂಡು ಹೋಗಿ, ಅಂಚಿನಲ್ಲಿ ರವಿಕೆಗೆ ಹಿಡಿಯುವಂಥ ಎರಡು ಚೂಪು ಮಡಿಕೆ, ಡಾರ್ಟ್, ಹಿಡಿದು ತಂದಳು. “ಎದೆಗೆ ಜಾಗ ಬಿಡದೆ ಅಂಗಿ ಹೊಲ್ದ ಹಾಗಾಗಿತ್ತು, ಅಷ್ಟೇ.”

ಈ ಸಲ ದೋಣಿ ಸರ್ರನೆ ಹೋಗಿ ತೊಟ್ಟಿಯ ಗೋಡೆಗೆ ಮೂತಿ ಕುಟ್ಟಿತು. ಅವಳು ನನ್ನನ್ನೇ ನೋಡುತ್ತಾ ಫ್ಯಾನನ್ನು ಒಂದಕ್ಕೆ ಇಳಿಸಿದಳು.

ದೋಣಿ ಆಗಲೂ ಹೋಯಿತು.