ಒದ್ದೆ ಟವೆಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನಾವೆಲ್ಲ ಹೀಗೇ ಇದ್ದೇವೆ, ನೀವು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ‘ಅಮ್ಮ ಹೇಗಿದ್ದಾಳೆ?’ ಎಂದು ನೀನು ಬರೆದು ಬಹಳ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಬೇರೆ ಕೆಲಸ ಹುಡುಕಿಕೊಂಡು ಎದ್ದೆ. ಬೇಸರ ಮಾಡಿಕೊಳ್ಳಬೇಡ.

ನಮ್ಮ ಕಟ್ಟಡದಲ್ಲಿ ಈಗ ನೀರಿಗೆ ಪಾಲು. ಪ್ರತಿ ಮನೆಯ ಪೈಪಿಗೂ ಒಂದು ಯಂತ್ರ ಕೂರಿಸಿದ್ದಾರೆ. ದಿನದ ಪಾಲು ಮುಗಿದರೆ ನಲ್ಲಿ ತಾನಾಗಿ ನಿಲ್ಲುತ್ತದೆ, ಮತ್ತೆ ಬರುವುದು ಮರುದಿನವೇ. ಇದರ ಉಸ್ತುವಾರಿ ಮೇಲಿನ ಮನೆಯ ನಿವೃತ್ತ ಗಣಿತದ ಮೇಷ್ಟ್ರದು. ಮಕ್ಕಳ ಬಾಯಲ್ಲಿ ಅವರು ‘ಮೀಟರ್ ಮೇಷ್ಟ್ರು’. ಮೊದಲ ವಾರವೇ ಮೆಟ್ಟಿಲ ಮೇಲೆ, ಎಲ್ಲರೆದುರು ಕೇಳಿದರು: “ಏನಮ್ಮಾ, ಮನೇಲಿ ಆನೆ ಗೀನೆ ಸಾಕಿದ್ದೀರಾ?”

ಆನೆಯಲ್ಲ, ಅಮ್ಮ. ಸ್ನಾನ ಮಾಡಿದ್ದು ಅವಳಿಗೆ ಮರೆತುಹೋಗುತ್ತದೆ. ತಲೆ ಬಾಚಿಕೊಂಡು ಕೂತವಳು ಮತ್ತೆ ಎದ್ದು, “ಇನ್ನೂ ಮೈಗೆ ನೀರು ಬಿದ್ದಿಲ್ಲ ಕಣೇ, ಅಸಹ್ಯ,” ಎಂದು ಬಚ್ಚಲಿಗೆ ಹೋಗುತ್ತಾಳೆ. ಮಧ್ಯಾಹ್ನದೊಳಗೆ ನಲ್ಲಿ ಬಂದ್. ನಿನ್ನ ಭಾವ ವರ್ಕ್‌ಶಾಪಿನಿಂದ ಗ್ರೀಸು ಮೆತ್ತಿದ ಕೈಯೆತ್ತಿಕೊಂಡು ಬಂದು ಒಣ ನಲ್ಲಿಯ ಮುಂದೆ ನಿಲ್ಲುತ್ತಿದ್ದರು. “ಏನು, ನೆಕ್ಕಿಕೊಳ್ಳಲಾ? ಅವರನ್ನ ಯಾವುದಾದ್ರೂ ವೃದ್ಧಾಶ್ರಮಕ್ಕೆ ಸೇರಿಸೋಣ, ಅಲ್ಲಿ ಬಾವಿ ಇರುತ್ತೆ,” ಎಂದರು ಒಮ್ಮೆ. ತಮಾಷೆಗೆ ಅಂದದ್ದಿರಬೇಕು. ನಾನು ನಗಲಿಲ್ಲ, ಅವರೂ ನಗಲಿಲ್ಲ.

ಆಮೇಲೆ ಒಂದು ಉಪಾಯ ಹೊಳೆಯಿತು. ಅಮ್ಮನ ಟವೆಲನ್ನು ಒದ್ದೆ ಮಾಡಿ ಅವಳ ಕುರ್ಚಿಯ ಬೆನ್ನಿಗೆ ಹಾಕಿಟ್ಟೆ. ಎದ್ದವಳು ಅದನ್ನು ಮುಟ್ಟಿ, “ಓ, ಆಗಲೇ ಆಯ್ತಾ,” ಎಂದು ಕೂತಳು. ಒಂದು ಲೋಟ ನೀರು ಸಾಕಾಯಿತು. ಮೊದಮೊದಲು ಎರಡನೆಯ ಸ್ನಾನಕ್ಕಷ್ಟೇ ಈ ಆಟ. ನಂತರ ಬಟ್ಟೆ ಒಗೆಯುವ ದಿನ ಮೊದಲನೆಯದಕ್ಕೂ. ಆಮೇಲೆ ಒಗೆಯದ ದಿನವೂ.

ಮೊನ್ನೆ ಕಟ್ಟಡದವರ ಸಭೆಯಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಇವರನ್ನ ನೋಡಿ ಕಲೀರಿ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದರೆ ಅಮ್ಮನ ಕೋಣೆಯ ವಾಸನೆ ಬಾಗಿಲಲ್ಲೇ ಎದುರಾಯಿತು. ಕಿಟಕಿ ತೆರೆದೆ.

ಯಾವಾಗ ಬರುತ್ತೀ, ಬರೆ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಬೆನ್ನುನೋವು ಬೇಗ ಬಿಟ್ಟುಹೋಗಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಇವತ್ತು ಬೆಳಿಗ್ಗೆ ನೀರು ಕಾಯಿಸಿ, ಬಕೆಟ್ ತುಂಬಿಸಿ, ಅಮ್ಮನನ್ನು ಸ್ನಾನಕ್ಕೆ ಕರೆದೆ. ನಿಜವಾಗಿಯೇ. ಅವಳು ಟವೆಲನ್ನು ಮುಟ್ಟಿ ನೋಡಿದಳು. ಅದು ಒಣಗಿತ್ತು, ನಾನು ನೆನೆಸಿರಲಿಲ್ಲ. ನನ್ನ ಮುಖ ನೋಡಿ, “ನಂದು ಆಯ್ತು ಕಣೇ,” ಎಂದಳು. “ನೀರು ನಿಮಗಿರಲಿ.”