ಉಪ್ಪು ನೋಡೋರಿಗೆ ಬೇರೆ ಪೊಟ್ಟಣ

ರೀ,

ಮಸಾಕ ಸಂತೆಗೆ ಹೋಗ್ತಿದ್ದೀನಿ. ನಮ್ಮ ಪುಟ್ಟ ಲುಬೇಗನ ಊಟ, ಕಿಟೊಬೆರೊ, ಒಲೆ ಮೇಲೆ ಹಬೇಲಿ ಬೇಯ್ತಿದೆ. ಬಾಳೆಕಾಯಿ, ಬೀನ್ಸ್ ಕಾಳು, ಒಣಮೀನಿನ ಪುಡಿ ಕಲಸಿ ಬಾಳೆಎಲೇಲಿ ಕಟ್ಟಿದ್ದೀನಿ.

ಮೊನ್ನೆ ಆಸ್ಪತ್ರೇಲಿ ತೂಗಿದಾಗ ಮಗು ಇದ್ದಷ್ಟೇ ಇತ್ತು, ನೀವು ಎರಡು ಕಿಲೋ ಏರಿದ್ರಿ. ‘ಯಾರಿಗಮ್ಮಾ ಉಣ್ಣಿಸ್ತಿದ್ದೀಯ?’ ಅಂದ್ರು ನರ್ಸು. ಮುಕ್ಕಾಲು ಪೊಟ್ಟಣ ತಿಂದು ‘ಉಪ್ಪು ನೋಡ್ದೆ’ ಅಂತೀರಲ್ಲ, ಮಗು ಊಟಕ್ಕೆ ನಾನು ಉಪ್ಪೇ ಹಾಕಲ್ಲ!

ಅದಕ್ಕೇ ಇವತ್ತು ಎರಡು ಪೊಟ್ಟಣ. ದೊಡ್ಡದು ನಿಮಗೆ. ಸಣ್ಣದು ಅವನದು, ಅವನೇ ಕೈಚಾಚಿ ಕೊಟ್ರೂ ಮುಟ್ಟಬೇಡಿ. ಜೊಲ್ಲುಬಟ್ಟೆ ಒಂದೇ ಇದೆ, ಮೊದಲು ಅವನಿಗೆ ಕಟ್ಟಿ.

ತಿಂದಾದ ಮೇಲೆ ಅವನ ಬೆನ್ನು ತಟ್ಟಿ ತೇಗಿಸಿ. ನಿಮ್ಮ ಬೆನ್ನು ನಾನೇ ಬಂದು ತಟ್ತೀನಿ.

ನಬಟಾಂಜಿ